ಮಗುವಿನ ಜೀವನಾಂಶ ಯಾವಾಗ ಮುಗಿಯುತ್ತದೆ, ಯಾವಾಗ ಮುಗಿಯುವುದಿಲ್ಲ

ಜೀವನಾಂಶ ಕಟ್ಟುತ್ತಿರುವವರು ಮೊದಲು ಕೋರ್ಟಿನ ಆದೇಶ ತೆಗೆದು, ಅದು ಯಾವ ಕಲಮಿನಡಿ ಆಗಿದೆ ಎಂದು ನೋಡಬೇಕು. ಕೊಡುವ ಹೊಣೆ ಎಂದು ತೀರುತ್ತದೆ ಎಂಬುದು ಬಹುಪಾಲು ಅಲ್ಲಿಯೇ ಗೊತ್ತಾಗುತ್ತದೆ. 2024ರ ಜುಲೈ 1ಕ್ಕೆ ಮೊದಲು ಹಾಕಿದ ಅರ್ಜಿಗಳಲ್ಲಿ ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 125 ಎಂದಿರುತ್ತದೆ, ಆಮೇಲಿನವುಗಳಲ್ಲಿ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144. ಎರಡರ ತಿರುಳೂ ಒಂದೇ, ಯಾವ ಧರ್ಮದವರಿಗಾದರೂ ಅನ್ವಯಿಸುತ್ತದೆ. ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಇದರ ಜೊತೆಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಕೂಡ ಇದೆ.

125 ಅಥವಾ 144ರಡಿಯ ಆದೇಶವಾದರೆ, ಮಗ ಇರಲಿ ಮಗಳಿರಲಿ, 18 ತುಂಬಿದ ದಿನಕ್ಕೆ ಹೊಣೆ ಮುಗಿಯುತ್ತದೆ. ದೈಹಿಕ ಅಥವಾ ಮಾನಸಿಕ ತೊಂದರೆಯಿಂದ ದುಡಿದು ತಿನ್ನಲಾಗದ ಮಗುವಿಗೆ ಮಾತ್ರ ಈ ಗಡಿ ಇಲ್ಲ. ಮದುವೆಯಾಗದ ಮಗಳ ವಿಷಯದಲ್ಲಿ ಜನ ಎಡವುವುದು ಹೆಚ್ಚು. 144ರಲ್ಲಿ ಆಕೆಗೂ 18ರ ಮಿತಿಯೇ. ಆದರೆ 20ನೇ ಕಲಮಿನಡಿ, ಸ್ವಂತ ಸಂಪಾದನೆ ಅಥವಾ ಆಸ್ತಿಯಿಂದ ಬದುಕಲಾಗದಿದ್ದರೆ, ಮದುವೆಯಾಗುವವರೆಗೂ ಆಕೆ ಕೇಳಬಹುದು. 2020ರ ಅಭಿಲಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಎರಡನ್ನೂ ಬಿಡಿಸಿ ಹೇಳಿದೆ. ಹಾಗಾಗಿ ಮಗಳಿಗೆ 18 ಆಯಿತೆಂದು ಒಂದು ಕೇಸು ಮುಗಿದರೂ ಇನ್ನೊಂದು ಬರಬಹುದು. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ‘ಡಿಗ್ರಿ ಮುಗಿಯುವವರೆಗೆ ಕೊಡುತ್ತೇನೆ’ ಎಂದು ಸಹಿ ಹಾಕಿದ್ದರೆ 18ರ ಮಾತೇ ಬೇಡ, ಬರೆದುಕೊಟ್ಟಷ್ಟು ಕಾಲ ಕೊಡಲೇಬೇಕು.

ಕೊನೆಯ ತಿಂಗಳ ಲೆಕ್ಕ ಹೀಗೆ. ಮಗ ಹುಟ್ಟಿದ್ದು 2008ರ ಜೂನ್ 12, ಆದೇಶ ತಿಂಗಳಿಗೆ 8,000 ರೂಪಾಯಿಗೆ ಎಂದುಕೊಳ್ಳಿ. 2026ರ ಜೂನ್ 12ಕ್ಕೆ ಅವನು ವಯಸ್ಕ. ಆ ತಿಂಗಳ 11 ದಿನಕ್ಕೆ ಬರುವುದು ಸುಮಾರು 2,933 ರೂಪಾಯಿ. ಆದರೂ ಆ ತಿಂಗಳು ಪೂರ್ತಿ ಕಟ್ಟಿಬಿಡುವುದೇ ಮೇಲು. ಉಳಿದ ಐದು ಸಾವಿರಕ್ಕಾಗಿ ಒಂದು ವಾಯಿದೆಗೆ ಹೋಗಿಬಂದರೂ ಖರ್ಚು ಅದಕ್ಕಿಂತ ಹೆಚ್ಚಾದೀತು.

ಆದೇಶದಲ್ಲಿ ‘ಹೆಂಡತಿಗೆ 7,000, ಮಗನಿಗೆ 8,000’ ಎಂದು ಬೇರೆಬೇರೆ ಬರೆದಿದ್ದರೆ ತೊಡಕಿಲ್ಲ. ‘ಇಬ್ಬರಿಗೂ ಸೇರಿ 15,000’ ಎಂದಿದ್ದರೆ ನೀವಾಗಿಯೇ ಅರ್ಧ ಕಡಿಯುವ ಹಾಗಿಲ್ಲ, ಕೋರ್ಟೇ ಕಡಿಮೆ ಮಾಡಬೇಕು.

ವಯಸ್ಸಿನ ಹೊರತಾಗಿ ಹೊಣೆ ತಪ್ಪುವ ಸಂದರ್ಭಗಳು ಕಡಿಮೆ. ಮಗುವನ್ನು ಕಾನೂನುಬದ್ಧವಾಗಿ ದತ್ತು ಕೊಟ್ಟರೆ ಹೊಣೆ ದತ್ತು ಪಡೆದವರಿಗೆ ಹೋಗುತ್ತದೆ. ತಾಯಿ ಮರುಮದುವೆಯಾದ ಮಾತ್ರಕ್ಕೆ ತಪ್ಪುವುದಿಲ್ಲ. ಮಗು ನಿಮ್ಮ ಬಳಿಗೇ ಬಂದು ನೆಲೆಸಿದರೆ ಆದೇಶ ಬದಲಿಸಲು ಅದು ಗಟ್ಟಿ ಕಾರಣ. ಮಗು ತನ್ನದಲ್ಲ ಎಂಬ ವಾದ ಗೆಲ್ಲುವುದು ಕಷ್ಟ, ಏಕೆಂದರೆ ಮದುವೆ ಇದ್ದಾಗ ಹುಟ್ಟಿದ ಮಗು ಗಂಡನದೇ ಎಂದು ಕಾನೂನು ನಂಬುತ್ತದೆ. 2014ರಲ್ಲಿ ನಂದಲಾಲ್ ಬಡ್ವಾಯಿಕ್ ಪ್ರಕರಣದಲ್ಲಿ ಗಂಡ ಆ ಮಗುವಿನ ತಂದೆಯಲ್ಲ ಎಂದು ಡಿಎನ್‌ಎ ವರದಿ ಬಂದಾಗ ಸುಪ್ರೀಂ ಕೋರ್ಟ್ ಹೊಣೆ ತೆಗೆಯಿತು, ಆದರೆ ಅದುವರೆಗೆ ಕೊಟ್ಟ ಹಣ ವಾಪಸ್ ಕೊಡಿಸಲಿಲ್ಲ.

ಮಗುವನ್ನು ನೋಡಲು ಬಿಡುತ್ತಿಲ್ಲ ಎಂಬುದು ಹಣ ನಿಲ್ಲಿಸಲು ಕಾರಣವಾಗದು. ಅದಕ್ಕೆ ಬೇರೆ ಅರ್ಜಿ ಹಾಕಬೇಕು. ‘ನನಗೇನೂ ಬೇಡ’ ಎಂದು ತಾಯಿ ಬರೆದುಕೊಟ್ಟ ಚೀಟಿಯನ್ನೂ ನೆಚ್ಚಬೇಡಿ, ಮಗುವಿನ ಹಕ್ಕನ್ನು ಆಕೆ ಬಿಟ್ಟುಕೊಡುವಂತಿಲ್ಲ. ಕೆಲಸ ಹೋದರೆ ಸಿಗುವುದು ರಿಯಾಯಿತಿ, ಅದೂ ಪುರಾವೆ ಇದ್ದರೆ. ಮೈಯಲ್ಲಿ ಶಕ್ತಿಯಿರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ ಮತ್ತೆ ಹೇಳಿದೆ.

ಪರಿಸ್ಥಿತಿ ಬದಲಾದರೆ ಆದೇಶ ಮಾಡಿದ ಕೋರ್ಟಿಗೇ ಬಿಎನ್‌ಎಸ್‌ಎಸ್ 146ರಡಿ ಅರ್ಜಿ ಹಾಕಿ. ಆದೇಶದ ದೃಢೀಕೃತ ಪ್ರತಿ, ಮಗುವಿನ ಜನನ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಇದುವರೆಗೆ ಕಟ್ಟಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ. ಎರಡು ದಾಖಲೆಗಳಲ್ಲಿ ಹುಟ್ಟಿದ ದಿನ ಬೇರೆಬೇರೆ ಇದ್ದರೆ ಮೊದಲೇ ವಕೀಲರಿಗೆ ಹೇಳಿ, ಎದುರು ಪಾರ್ಟಿ ಹಿಡಿಯುವುದು ಅದನ್ನೇ. ಆದಾಯ ಕುಸಿದಿದೆ ಎನ್ನುವವರು ರಿಲೀವಿಂಗ್ ಲೆಟರ್, ಆದಾಯ ತೆರಿಗೆ ರಿಟರ್ನ್ಸ್‌ಗಳ ಜೊತೆ ಆಸ್ತಿ ಮತ್ತು ಸಾಲದ ಅಫಿಡವಿಟ್ ಕೊಡಬೇಕು. ಇದು 2020ರ ರಜನೀಶ್–ನೇಹಾ ತೀರ್ಪಿನಿಂದ ಕಡ್ಡಾಯ. ಬೇರೆ ಕೇಸಿನಲ್ಲೂ ಜೀವನಾಂಶದ ಆದೇಶ ಆಗಿದ್ದರೆ ಅದನ್ನೂ ಕೋರ್ಟಿನ ಗಮನಕ್ಕೆ ತನ್ನಿ, ಅಲ್ಲಿ ಕೊಡುವ ಹಣವನ್ನು ಇಲ್ಲಿನ ಮೊತ್ತದಲ್ಲಿ ಹೊಂದಿಸಿಕೊಡಿ ಎಂದು ಕೇಳಲು ಅದೇ ತೀರ್ಪು ದಾರಿ ಮಾಡಿದೆ. ನಿಮ್ಮ ಗೈರುಹಾಜರಿಯಲ್ಲಿ ಏಕಪಕ್ಷೀಯ ಆದೇಶವಾಗಿದ್ದರೆ ಅದನ್ನು ತೆಗೆಸಲು ಮೂರು ತಿಂಗಳಷ್ಟೇ ಕಾಲ.

ಅರ್ಜಿ ಹಾಕಿದ ಮಾತ್ರಕ್ಕೆ ಹಳೆಯ ಆದೇಶ ನಿಲ್ಲದು. ತಿಂಗಳ ಕಂತು ಪೂರ್ತಿ ಆಗದಿದ್ದರೆ ಆದಷ್ಟನ್ನಾದರೂ ಬ್ಯಾಂಕಿನ ಮೂಲಕವೇ ಕಟ್ಟಿ, ವಿವರದ ಜಾಗದಲ್ಲಿ ‘ಜೂನ್ 2026 ಜೀವನಾಂಶ’ ಎಂದು ಬರೆಯಿರಿ. ಶಾಲೆಗೆ ನಗದಾಗಿ ಕೊಟ್ಟ ಫೀಸು ಜೀವನಾಂಶದ ಲೆಕ್ಕಕ್ಕೆ ತಾನಾಗಿ ಸೇರುವುದಿಲ್ಲ.

ಬಾಕಿ ಉಳಿದರೆ ತಾಯಿ, ಪ್ರತಿ ಕಂತು ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ವಾರೆಂಟ್ ಹೊರಟು, ಆಮೇಲೂ ಕಟ್ಟದಿದ್ದರೆ ತಿಂಗಳೊಂದರ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೆ ಲೆಕ್ಕ ಚುಕ್ತಾ ಎಂದು ತಿಳಿದವರು ಬಹಳ. ಹಾಗಲ್ಲ, ಬಾಕಿ ಹಾಗೆಯೇ ಇರುತ್ತದೆ ಎಂದು 1989ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಮಗನಿಗೆ 18 ತುಂಬಿದರೂ ಅದಕ್ಕೆ ಹಿಂದಿನ ಬಾಕಿಯ ಕತೆ ಇಷ್ಟೇ.