ನಿಮ್ಮ ತಂಡಕ್ಕೊಂದು ಗುರುತು ಬೇಕಾ? ಸಿಂಹ ಬಿಡಿ, ತಮಟೆಯಿಂದ ಶುರು ಮಾಡಿ

ಗಣೇಶನ ಹಬ್ಬದ ಹೊತ್ತಿಗೆ ಕೋಲಾರದ ಡೂಮ್‌ಲೈಟ್ ಸರ್ಕಲ್‌ನಲ್ಲಿ ಐದು ನಿಮಿಷ ನಿಂತು ನೋಡಿ. ಆರ್ಕೆಸ್ಟ್ರಾ, ಬ್ಯಾಂಡ್‌ಸೆಟ್, ತಮಟೆ ತಂಡ, ಭಜನೆ ಮಂಡಳಿ, ಎಲ್ಲರ ಬ್ಯಾನರೂ ಇರುತ್ತವೆ. ಕಪ್ಪು ಹಿನ್ನೆಲೆ, ಚಿನ್ನದ ಬಣ್ಣದ ಅಕ್ಷರ, ಮೂಲೆಯಲ್ಲಿ ಬೆಂಕಿ ಕಿಡಿ, ನಡುವೆ ಒಂದು ಸಿಂಹದ ಮುಖ. 2018ರಲ್ಲಿ ನಮ್ಮ ಚಿನ್ನದ ಗಣಿಯ ಹೆಸರಿನ ಸಿನಿಮಾ ಬಂದ ಮೇಲಂತೂ ಈ ಕಪ್ಪು-ಚಿನ್ನದ ಜೋಡಿ ಇನ್ನೂ ಜಾಸ್ತಿಯಾಯಿತು. ಹೆಸರಿನ ಮೇಲೆ ಕೈ ಇಟ್ಟು ಮುಚ್ಚಿದರೆ ಯಾವುದು ಯಾರ ಬ್ಯಾನರ್ ಅಂತ ಗೊತ್ತೇ ಆಗುವುದಿಲ್ಲ.

ನಾನು ಇಲ್ಲೇ ಡಿಸೈನ್ ಕೆಲಸ ಮಾಡುವವನು. ಕಳೆದ ವರ್ಷ ಶ್ರೀನಿವಾಸಪುರದ ಕಡೆಯಿಂದ ಒಂದು ತಮಟೆ ತಂಡದ ಹುಡುಗರು ಬಂದರು. ಲೋಗೋ ಬೇಕು, ಅದರಲ್ಲಿ ಸಿಂಹ ಇರಲಿ, ರೆಕ್ಕೆ ಇರಲಿ, ಗಿಟಾರ್ ಇರಲಿ ಅಂದರು. ಗಿಟಾರ್ ಬಾರಿಸುವವರು ಯಾರು ಅಂತ ಕೇಳಿದೆ. ಯಾರೂ ಇಲ್ಲ. ಹಾಗಾದರೆ ತಮಟೆಯನ್ನೇ ಹಾಕೋಣ ಅಂದೆ. ಒಬ್ಬ ಹುಡುಗ ಮೆಲ್ಲಗೆ ಕೇಳಿದ: "ತಮಟೆ ಹಾಕಿದ್ರೆ ಕಾಲೇಜ್ ಫಂಕ್ಷನ್‌ಗೆ ಕರೀತಾರಾ ಸಾರ್?" ಆ ಪ್ರಶ್ನೆ ಇನ್ನೂ ನನ್ನ ತಲೆಯಲ್ಲೇ ಇದೆ. ಅವರ ಜೊತೆ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು, ಜನ ಏನು ನೆನಪಿಟ್ಟಿದ್ದಾರೆ ಕೇಳಿ

ಲೋಗೋ ಅಂದ ಕೂಡಲೇ ಫೋನ್ ತೆಗೆದು ಆಪ್ ಹುಡುಕಬೇಡಿ. ನಿಮ್ಮ ಕಾರ್ಯಕ್ರಮ ನೋಡಿದ ಹತ್ತು ಜನರನ್ನು ಕೇಳಿ, ನಮ್ಮ ತಂಡ ಅಂದರೆ ಕಣ್ಣಿಗೆ ಏನು ಬರುತ್ತದೆ ಅಂತ. ಹಾಡು ಹೇಗಿತ್ತು ಅಂತಲ್ಲ, ಕಂಡಿದ್ದು ಏನು ಅಂತ.

ಉಷಾ ಉತ್ತುಪ್ ಅಂದ ತಕ್ಷಣ ಕಾಂಜೀವರಂ ಸೀರೆ ಮತ್ತು ಹಣೆಯ ದೊಡ್ಡ ಬೊಟ್ಟು ಕಾಣುತ್ತದೆ ಅಲ್ವಾ? ಆ ಬೊಟ್ಟಿನಲ್ಲಿ ಬಂಗಾಳಿಯ 'ಕ' ಅಕ್ಷರ ಇರುತ್ತದೆ. ಕೋಲ್ಕತ್ತಾದ ಕ. ಎಂ.ಎಸ್. ಸುಬ್ಬುಲಕ್ಷ್ಮಿ ಉಡುತ್ತಿದ್ದ ನೀಲಿ ಸೀರೆಯ ಬಣ್ಣಕ್ಕೆ 'ಎಂಎಸ್ ಬ್ಲೂ' ಅಂತಲೇ ಹೆಸರು ಬಿತ್ತು, ಸೀರೆ ಅಂಗಡಿಯಲ್ಲಿ ಇವತ್ತಿಗೂ ಹಾಗೇ ಕೇಳುತ್ತಾರೆ. ರಘು ದೀಕ್ಷಿತ್ ಅಂದರೆ ಲುಂಗಿ, ಗೆಜ್ಜೆ. ಮೂವರಿಗೂ ಅದು ಮೈಮೇಲೆಯೇ ಇದ್ದ ವಸ್ತು. ವರ್ಷಗಟ್ಟಲೆ ಬಿಡದೆ ಅದನ್ನೇ ತೊಟ್ಟರು, ಅದೇ ಗುರುತಾಯಿತು.

ನಮ್ಮ ಹುಡುಗರು ಕೇಳಿಕೊಂಡು ಬಂದರು. ಹೆಚ್ಚಿನವರು ಹೇಳಿದ್ದು ಒಂದೇ ಮಾತು: "ಬಾರಿಸೋಕೆ ಮುಂಚೆ ಬೆಂಕಿ ಹಾಕಿ ತಮಟೆ ಕಾಯಿಸ್ತೀರಲ್ಲ, ಅದು." ನೀವೂ ನೋಡಿರುತ್ತೀರಿ. ಹುಲ್ಲು, ಕಾಗದ ಕೂಡಿಸಿ ಬೆಂಕಿ ಹಚ್ಚುತ್ತಾರೆ. ಸುತ್ತ ನಿಂತು ತಮಟೆಯನ್ನು ಬೆಂಕಿಗೆ ಹಿಡಿದು ತಿರುಗಿಸುತ್ತಾರೆ. ಚರ್ಮ ಬಿಗಿಯಾಗುತ್ತಾ ಬರುತ್ತದೆ. ನಡುನಡುವೆ ಬೆರಳಲ್ಲಿ ತಟ್ಟಿ ನೋಡುತ್ತಾರೆ, 'ದಬ್' ಅನ್ನುತ್ತಿದ್ದದ್ದು 'ಟಣ್' ಅನ್ನುವವರೆಗೆ. ಹುಡುಗರಿಗೆ ಅದು ದಿನಾ ಮಾಡುವ ಕೆಲಸ, ನೋಡುವವರಿಗೆ ಕಾರ್ಯಕ್ರಮ ಅಲ್ಲಿಂದಲೇ ಶುರು.

ಆಮೇಲೆ, ಆ ಚಿಹ್ನೆಗೆ ಇಲ್ಲಿ ಏನರ್ಥ ಅಂತ ತಿಳಿದುಕೊಳ್ಳಿ

ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಚಿಹ್ನೆ ಅನ್ನುವುದು ಖಾಲಿ ಪಾತ್ರೆ ಅಲ್ಲ, ನೀವು ಮುಟ್ಟುವ ಮುಂಚೆಯೇ ಅದರೊಳಗೆ ಏನೋ ಇರುತ್ತದೆ. ರೋಲಿಂಗ್ ಸ್ಟೋನ್ಸ್ ಅನ್ನುವ ಇಂಗ್ಲೆಂಡಿನ ಬ್ಯಾಂಡ್‌ನ ಕೆಂಪು ನಾಲಿಗೆ ಲೋಗೋ ಟಿ-ಶರ್ಟ್ ಮೇಲೆ ನೋಡಿರುತ್ತೀರಿ. ಅದರ ಮೂಲ ನಮ್ಮ ಕಾಳಿ. ಗಾಯಕ ಮಿಕ್ ಜಾಗರ್ ಕಾಳಿಯ ಚಿತ್ರ ತೋರಿಸಿದರು, ಜಾನ್ ಪಾಶ್ ಅನ್ನುವ ಕಲಾ ವಿದ್ಯಾರ್ಥಿ 1970ರಲ್ಲಿ 50 ಪೌಂಡ್‌ಗೆ ಅದನ್ನು ತುಟಿ-ನಾಲಿಗೆ ಮಾಡಿಕೊಟ್ಟರು, 1971ರಿಂದ ಅದು ಅವರ ಗುರುತು. ನಮಗೆ ದೇವಿಯ ನಾಲಿಗೆ, ಅಲ್ಲಿ ದೊಡ್ಡವರ ಮಾತು ಕೇಳದ ಹುಡುಗರ ನಾಲಿಗೆ. ಊರು ಬದಲಾದರೆ ಅರ್ಥವೂ ಬದಲಾಗುತ್ತದೆ.

ನಮ್ಮಲ್ಲೇ ನೋಡಿ. ಚೇಳಿನ ಚಿತ್ರ ಹಾಕಿದರೆ ಖಡಕ್ ಆಗಿರುತ್ತದೆ ಅಂತ ಬೇರೆ ಊರಿನವರು ಅಂದುಕೊಳ್ಳಬಹುದು. ಕೋಲಾರದವರಿಗೆ ಚೇಳು ಅಂದರೆ ಕೋಲಾರಮ್ಮನ ಗುಡಿಯ ಚೇಳಮ್ಮ, ಜನ ಹರಕೆ ಹೊರುವ ದೇವರು. ತುಮಕೂರು ಕಡೆ ದೊಡ್ಡ ಮುಖವಾಡ ಹೊತ್ತು ಕುಣಿಯುವ ಸೋಮನ ಕುಣಿತದ ಕೆಂಪು ಮುಖವೂ ಹಾಗೆಯೇ. ದೂರದಿಂದ ಬಣ್ಣ ನೋಡಿಯೇ ಯಾವ ಸೋಮ ಬಂತು ಅಂತ ಜನ ಗುರುತಿಸುತ್ತಾರೆ. ಅಂಥದ್ದನ್ನು ತೆಗೆದುಕೊಳ್ಳುವ ಮುಂಚೆ ಅದನ್ನು ಕುಣಿಸುವವರನ್ನು ಒಂದು ಮಾತು ಕೇಳಿ.

ತಮಟೆಯ ವಿಷಯ ಇನ್ನೂ ಆಳ. ಆ ಹುಡುಗನ ಸಂಕೋಚಕ್ಕೆ ಕಾರಣ ಇತ್ತು. ಸಾವಿಗೆ ಬಾರಿಸು, ಡಂಗುರ ಹೊಡಿ ಅಂತ ಒಂದು ಜಾತಿಯ ಹೆಗಲಿಗೆ ಕಟ್ಟಿದ ವಾದ್ಯ ಅದು. ಅದೇ ತಮಟೆ ಮುಂದೆ ದಲಿತ ಹೋರಾಟದ ಮೆರವಣಿಗೆಗಳಲ್ಲಿ ತಲೆಯೆತ್ತಿ ಬಾರಿಸುವ ವಾದ್ಯವಾಯಿತು. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಂಥ ಜಾಗಗಳಲ್ಲಿ ವೇದಿಕೆಗೂ ಬಂತು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಈ ತಮಟೆಗೇ. ಇಷ್ಟನ್ನೂ ಹುಡುಗರ ಜೊತೆ ಮಾತಾಡಿದೆವು. ಸುಮಾರು ಹೊತ್ತು ಸುಮ್ನೆ ಕೂತಿದ್ದ ಅದೇ ಹುಡುಗ ಕೊನೆಗೆ ತಾನೇ ಹೇಳಿದ, ತಮಟೆನೇ ಇರಲಿ ಸಾರ್.

ಸಿನಿಮಾ ಹೀರೋ ಬೇಡ, ಊರಿನ ಹೆಸರು ಇರಲಿ

ಹೀರೋ ಫೋಟೋ ಹಾಕಬೇಡಿ. ಅಭಿಮಾನ ಬೇರೆ, ನಿಮ್ಮ ತಂಡದ ಗುರುತು ಬೇರೆ. ಕಾನೂನಿನ ಕಷ್ಟವೂ ಇದೆ. ನಟ ಅನಿಲ್ ಕಪೂರ್ ಹೆಸರು, ಮುಖ, ದನಿಯನ್ನು ಕೇಳದೆ ಬಳಸಬಾರದು ಅಂತ 2023ರಲ್ಲಿ ದೆಹಲಿ ಹೈಕೋರ್ಟ್ ಆದೇಶ ಕೊಟ್ಟಿತು. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ವಿಷಯದಲ್ಲಿ ಬಾಂಬೆ ಹೈಕೋರ್ಟ್ ಕೂಡ ಹಾಗೇ ಹೇಳಿತು.

ಊರಿನ ಹೆಸರು ಮಾತ್ರ ಧೈರ್ಯವಾಗಿ ತಗೊಳ್ಳಿ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನ ಹೆಸರನ್ನೇ ಇಟ್ಟುಕೊಂಡು ನಾಡೆಲ್ಲ ಓಡಾಡಿತು.

ಈಗ ಪೆನ್ಸಿಲ್ ಹಿಡಿಯಿರಿ

ಒಂದು ಆಕಾರ, ಎರಡು ಬಣ್ಣ. ಅಷ್ಟು ಸಾಕು. ನಾವು ಮೊದಲು ಬೆಂಕಿಯ ಸುತ್ತ ಎಂಟು ತಮಟೆ ಬರೆದೆವು. ಕಾಗದದ ಮೇಲೆ ಚೆನ್ನಾಗಿತ್ತು. ವಾಟ್ಸಾಪ್ ಡಿಪಿಗೆ ಹಾಕಿದರೆ ಸುಟ್ಟ ರೊಟ್ಟಿ ತರಹ ಕಂಡಿತು. ಹಾಗಾಗಿ ಎಲ್ಲ ತೆಗೆದೆವು. ಉಳಿದಿದ್ದು ಒಂದು ದುಂಡು, ಅದರ ಮೇಲೆ ಎರಡು ಕೋಲು. ಒಂದು ಗಿಡ್ಡ, ದಪ್ಪ. ಇನ್ನೊಂದು ಉದ್ದ, ತೆಳ್ಳಗೆ. ತಮಟೆ ಬಾರಿಸುವುದು ಹಾಗೆಯೇ, ಎರಡು ಕೋಲೂ ಒಂದೇ ಥರ ಇರುವುದಿಲ್ಲ. ಗೊತ್ತಿರುವವರು ಆ ಕೋಲು ನೋಡಿದ ತಕ್ಷಣ ನಗುತ್ತಾರೆ, ಗೊತ್ತಿಲ್ಲದವರು ಯಾಕೆ ಹೀಗೆ ಅಂತ ಕೇಳುತ್ತಾರೆ. ಬಣ್ಣಕ್ಕೆ ಕಾದ ಚರ್ಮದ ಕಂದು-ಹಳದಿ ಮತ್ತು ಇದ್ದಿಲ ಕಪ್ಪು.

ಬರೆದ ಮೇಲೆ ಎರಡು ಪರೀಕ್ಷೆ ಮಾಡಿ. ಐದು ರೂಪಾಯಿ ನಾಣ್ಯದಷ್ಟು ಚಿಕ್ಕದು ಮಾಡಿ ನೋಡಿ. ಕಪ್ಪು-ಬಿಳುಪು ಜೆರಾಕ್ಸ್ ತೆಗೆದು ನೋಡಿ. ಎರಡರಲ್ಲೂ ಗುರುತು ಸಿಕ್ಕಿದರೆ ಗೆದ್ದಿರಿ.

ಕನ್ನಡ ಅಕ್ಷರ: ಇಲ್ಲಿ ಅವಸರ ಬೇಡ

ಹೆಸರನ್ನು ದೊಡ್ಡದಾಗಿ ಕನ್ನಡದಲ್ಲೇ ಬರೆಸಿ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಬಾಯಲ್ಲಿ ಹೇಳುವ ಹೆಸರು ಬೇಕೇ ಬೇಕು. ಅಮೆರಿಕದ ಗಾಯಕ ಪ್ರಿನ್ಸ್ 1993ರಲ್ಲಿ ತನ್ನ ಹೆಸರನ್ನೇ ಬಿಟ್ಟು ಒಂದು ಚಿಹ್ನೆ ಇಟ್ಟುಕೊಂಡಾಗ, ಪತ್ರಿಕೆಗಳಲ್ಲಿ ಅದನ್ನು ಅಚ್ಚು ಮಾಡಲು ಅಕ್ಷರವೇ ಇರಲಿಲ್ಲ, ಫ್ಲಾಪಿಯಲ್ಲಿ ಆ ಚಿಹ್ನೆ ಕಳಿಸಬೇಕಾಯಿತು. ಅಷ್ಟು ದೊಡ್ಡ ಹೆಸರಿದ್ದವರಿಗೆ ಅದು ನಡೆಯಿತು, ನಮಗೆ ನಡೆಯುವುದಿಲ್ಲ.

ಬಾಲೂ ತಮ್ಮ, ಅನೇಕ್ ಕನ್ನಡ, ಅಕಾಯ ಕನಡಕ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ದುಡ್ಡಿನ ಕೆಲಸಕ್ಕೂ ಬಳಸಬಹುದು. ಫೋಟೋಶಾಪ್‌ನಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದರೆ ಫಾಂಟ್ ಬೈಯಬೇಡಿ, ಪಠ್ಯದ ಸೆಟ್ಟಿಂಗ್‌ನಲ್ಲಿ 'ವರ್ಲ್ಡ್-ರೆಡಿ ಲೇಔಟ್' ಆರಿಸಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್‌ಗೆ ಬದಲಿಸಿಕೊಂಡೇ ಕೆಲಸ ಶುರು ಮಾಡಿ. ಪ್ರೆಸ್‌ಗೆ ಕೊಡುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿಯೇ, ಅಂದರೆ ಫಾಂಟ್ ಬೇಕಿಲ್ಲದ ಚಿತ್ರದಂಥ ಆಕಾರ ಮಾಡಿಯೇ ಕೊಡಿ. ನಾನು ಒಮ್ಮೆ ಇದನ್ನು ಮರೆತು ಒಂದು ಪ್ರೆಸ್‌ಗೆ ಫೈಲ್ ಕಳಿಸಿದೆ, ಅವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲಿಲ್ಲ, ಅವರೂ ನೋಡಲಿಲ್ಲ, ಒಬ್ಬ ಹಿರಿಯ ಗಾಯಕರ ಹೆಸರಿನ ಒತ್ತಕ್ಷರವೆಲ್ಲ ಒಡೆದು ಹದಿನೈದು ಅಡಿ ಬಟ್ಟೆಯ ಮೇಲೆ ಬಂತು. ಅವರು ಏನೂ ಅನ್ನಲಿಲ್ಲ. ಅವರ ಮುಖ ನೋಡಲು ನನಗೆ ಆಗಲಿಲ್ಲ. ಅವತ್ತಿನಿಂದ ಅಚ್ಚಿಗೆ ಹೋಗುವ ಮುಂಚೆ ಬೇರೆ ಒಬ್ಬರಿಂದ ಜೋರಾಗಿ ಓದಿಸುತ್ತೇನೆ.

ನಿಮ್ಮ ಊರಲ್ಲಿ ಬೋರ್ಡ್ ಬರೆಯುವ ಪೇಂಟರ್ ಇನ್ನೂ ಇದ್ದರೆ ಅವರಿಂದಲೇ ಹೆಸರು ಬರೆಸಿ, ಫೋಟೋ ತೆಗೆದು ಡಿಜಿಟಲ್ ಮಾಡಿಸಿ. ಆ ಕೈಬರಹ ಬೇರೆ ಯಾರ ಹತ್ತಿರವೂ ಇರುವುದಿಲ್ಲ.

ಎಲ್ಲ ಕಡೆ ಒಂದೇ ಥರ

ಯೂಟ್ಯೂಬ್ ಚಾನೆಲ್‌ನ ಬ್ಯಾನರ್ 2560×1440 ಪಿಕ್ಸೆಲ್ ಇರಲಿ, ಹೆಸರು ಮತ್ತು ಗುರುತು ನಡುವಿನ 1546×423 ಒಳಗೇ ಇರಲಿ, ಇಲ್ಲದಿದ್ದರೆ ಫೋನ್‌ನಲ್ಲಿ ಕತ್ತರಿಸಿ ಹೋಗುತ್ತದೆ. ಥಂಬ್‌ನೇಲ್ 1280×720. ಅದರ ಬಲಗಡೆ ಕೆಳಗೆ ಏನೂ ಬರೆಯಬೇಡಿ, ವಿಡಿಯೋದ ಸಮಯ ಅದನ್ನು ಮುಚ್ಚುತ್ತದೆ. ಹಾಡಿನ ಕವರ್ 3000×3000 ಮಾಡಿಟ್ಟುಕೊಂಡರೆ ಎಲ್ಲ ಕಡೆ ಆಗುತ್ತದೆ. ಬ್ಯಾನರ್‌ಗೆ ಬಟ್ಟೆ ಬಳಸಿ, ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಪರದೆಯ ಮೇಲೆ ಹೊಳೆಯುವ ಬಣ್ಣ ಬಟ್ಟೆಯ ಮೇಲೆ ಮಂಕಾಗುತ್ತದೆ, ಮೊದಲು ಒಂದು ಅಡಿ ತುಂಡು ಅಚ್ಚು ಮಾಡಿಸಿ ನೋಡಿ.

ಹೆಸರು ಯಾರದು?

ಟ್ರೇಡ್‌ಮಾರ್ಕ್ ಮಾಡಿಸುವುದಾದರೆ ಮನರಂಜನೆಗೆ 41ನೇ ವರ್ಗ. ಆನ್‌ಲೈನ್‌ನಲ್ಲಿ ಒಬ್ಬ ವ್ಯಕ್ತಿಯ ಹೆಸರಲ್ಲಿ ಅರ್ಜಿ ಹಾಕಿದರೆ 4,500 ರೂಪಾಯಿ, ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ಅದಕ್ಕೂ ಮುಂಚೆ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ: ತಂಡ ಒಡೆದರೆ ಹೆಸರು ಯಾರಿಗೆ, ಗುರುತು ಯಾರಿಗೆ. ಸ್ನೇಹ ಚೆನ್ನಾಗಿರುವಾಗಲೇ ಬರೆಯಬೇಕು.

ಇನ್ನೊಂದು ವಿಷಯ. ಹುಡುಗರಿಗೆ ಲೋಗೋವನ್ನು ತಮಟೆಯ ಚರ್ಮದ ಮೇಲೇ ಬರೆಸುವ ಆಸೆ ಇತ್ತು. ತಂಡದ ಹಿರಿಯರೊಬ್ಬರು ಬೇಡ ಅಂದರು. ಬೆಂಕಿಗೆ ಹಿಡಿದರೆ ಬಣ್ಣ ಸಿಪ್ಪೆ ಏಳುತ್ತದೆ, ನಾದವೂ ಸತ್ತುಹೋಗುತ್ತದೆ. ಅದಕ್ಕೆ ಹೆಗಲ ಪಟ್ಟಿಯ ಮೇಲೆ ಹಾಕಿಸಿದೆವು, ಸರಿಯಾಗಿ ಎದೆಗೆ ಬರುವ ಜಾಗದಲ್ಲಿ.