ಒಂದೇ ಕುಂಡ, ಅರವತ್ತನಾಲ್ಕು ಸಾಸಿವೆ

ಜೀವಿಗಳ ಪೈಪೋಟಿ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಸಿಂಹ, ಕತ್ತೆಕಿರುಬ, ನಡುವೆ ಒಂದು ಸತ್ತ ಜಿಂಕೆ. ನನಗೂ ಹಾಗೇ ಇತ್ತು. ಆಮೇಲೆ ನಾಲ್ಕು ಕುಂಡ ಇಟ್ಟುಕೊಂಡು ಆರು ವಾರ ನೋಡಿದೆ. ಸದ್ದಿಲ್ಲ, ಗದ್ದಲವಿಲ್ಲ. ಆದರೂ ಸಾವು ಮಾತ್ರ ಆಗುತ್ತಲೇ ಇತ್ತು.

ಮಾಡಿದ್ದು ಇಷ್ಟೇ. ಒಂದೇ ಅಳತೆಯ ಕುಂಡಗಳು, ಒಂದೇ ಗುಡ್ಡೆಯ ಮಣ್ಣು, ಅಳೆದು ಹಾಕುವ ನೀರು. ಒಂದರಲ್ಲಿ 2 ಸಾಸಿವೆ ಕಾಳು, ಇನ್ನೊಂದರಲ್ಲಿ 8, ಮತ್ತೊಂದರಲ್ಲಿ 32, ಕೊನೆಯದರಲ್ಲಿ 64. ಗೊಬ್ಬರ ಬೇಕಂತಲೇ ಹಾಕಲಿಲ್ಲ. ಎಲ್ಲವೂ ಧಾರಾಳವಾಗಿ ಸಿಕ್ಕರೆ ಪೈಪೋಟಿ ಎಲ್ಲಿಂದ ಬರಬೇಕು, ಅಲ್ವಾ?

ಮೊದಲ ಸಲ ಪೂರ್ತಿ ಕೆಡಿಸಿದೆ. ಕುಂಡಗಳನ್ನು ಕಿಟಕಿಯ ಉದ್ದಕ್ಕೆ ಸಾಲಾಗಿ ಇಟ್ಟು ಸುಮ್ನೆ ಬಿಟ್ಟುಬಿಟ್ಟಿದ್ದೆ. ಬಿಸಿಲು ಜಾಸ್ತಿ ಬೀಳುವ ತುದಿಯ ಕುಂಡ ಸೊಂಪಾಗಿ ಬೆಳೆಯಿತು, ನಾನು ಅದು ಕಾಳಿನ ಸಂಖ್ಯೆಯ ಮಹಿಮೆ ಅಂದುಕೊಂಡು ಖುಷಿಪಟ್ಟೆ. ಎರಡನೇ ಸಲ ದಿನಕ್ಕೊಮ್ಮೆ ಜಾಗ ಬದಲಿಸಿದೆ, ಪ್ರತಿ ಸಂಖ್ಯೆಗೂ ಮೂರು ಮೂರು ಕುಂಡ ಇಟ್ಟೆ.

ಹತ್ತನೇ ದಿನ ಒಂದು ತಮಾಷೆ ಕಂಡಿತು. 64 ಕಾಳಿನ ಕುಂಡದ ಸಸಿಗಳೇ ಎಲ್ಲಕ್ಕಿಂತ ಎತ್ತರ! ಒತ್ತೊತ್ತಾಗಿದ್ದರೇ ಚೆನ್ನಾಗಿ ಬೆಳೆಯುತ್ತವೆ ಅಂತ ಯಾರಾದರೂ ಅಂದಿದ್ದರೆ ಆ ದಿನ ನಂಬಿಬಿಡುತ್ತಿದ್ದೆ. ಆದರೆ ಮುಟ್ಟಿ ನೋಡಿದರೆ ಕಾಂಡ ದಾರದ ಹಾಗೆ, ಬೆರಳು ತಾಗಿದರೆ ಬಾಗುತ್ತಿತ್ತು. ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಅದರಾಚೆಯ ದೂರಗೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಚೆಲ್ಲುತ್ತದೆ. ಗಿಡದೊಳಗಿನ ಫೈಟೊಕ್ರೋಮ್ ಎಂಬ ಪ್ರೋಟೀನು ಈ ಎರಡರ ಪ್ರಮಾಣ ನೋಡಿಯೇ ಪಕ್ಕದಲ್ಲಿ ಯಾರೋ ಇದ್ದಾರೆ ಅಂತ ತಿಳಿದುಕೊಳ್ಳುತ್ತದೆ. ನೆರಳು ಬೀಳುವ ಮೊದಲೇ ಗಿಡ ಕಾಂಡ ಎಳೆಯುವುದಕ್ಕೆ ಶುರುಮಾಡುತ್ತದೆ. ಬೇರಿಗೆ, ಎಲೆಗೆ ಹೋಗಬೇಕಾದದ್ದೆಲ್ಲ ಎತ್ತರಕ್ಕೆ ಖರ್ಚು.

ಮೊದಲು ಮೊಳೆತ ಸಸಿಗಳಿಗೆ ಕೆಂಪು ನೂಲು, ಎರಡು ದಿನ ತಡವಾಗಿ ಬಂದವಕ್ಕೆ ಬಿಳಿ ನೂಲು ಕಟ್ಟಿದ್ದೆ. ನಾನು ಮಾಡಿದ್ದರಲ್ಲಿ ಬುದ್ಧಿವಂತಿಕೆಯ ಕೆಲಸ ಅಂದರೆ ಇದೊಂದೇ. ಮೂರನೇ ವಾರದಿಂದ ಸಾಯತೊಡಗಿದ ಸಸಿಗಳಲ್ಲಿ ಹೆಚ್ಚಿನವು ಬಿಳಿ ನೂಲಿನವು. ಬೆಳಕು ಮೇಲಿನಿಂದ ಬರುತ್ತದೆ. ಅರ್ಧ ಬೆರಳು ಹೆಚ್ಚು ಎತ್ತರ ಇದ್ದವನು ತನ್ನ ಪಾಲಿಗಿಂತ ಎಷ್ಟೋ ಜಾಸ್ತಿ ಬಾಚಿಕೊಳ್ಳುತ್ತಾನೆ, ಕೆಳಗಿನವನಿಗೆ ಉಳಿಕೆ. ಮಣ್ಣಿನೊಳಗೆ ಅಷ್ಟು ಅನ್ಯಾಯ ಇಲ್ಲ. ಅಲ್ಲಿ ಸಾಮಾನ್ಯವಾಗಿ ಬೇರು ಎಷ್ಟಿದೆಯೋ ಅಷ್ಟು ಪಾಲು.

ಆರನೇ ವಾರ ಎಲ್ಲ ಕಿತ್ತು, ಬೇರು ತೊಳೆದು, ಒಣಗಿಸಿ ತೂಗಿದೆ. ಬೇರು ಬಿಡಿಸುವುದಕ್ಕೇ ಒಂದು ಮಧ್ಯಾಹ್ನ ಹೋಯಿತು, ಜಡೆಗಟ್ಟಿಬಿಟ್ಟಿದ್ದವು. 8, 32, 64ರ ಕುಂಡಗಳ ಒಟ್ಟು ತೂಕ ಹೆಚ್ಚುಕಮ್ಮಿ ಒಂದೇ! 2 ಕಾಳಿನದು ಮಾತ್ರ ಕಡಿಮೆ, ಎರಡೇ ಗಿಡ ಕುಂಡವನ್ನು ತುಂಬಲಾರದೆ ಹೋದವು. ಜಪಾನಿನ ಸಂಶೋಧಕರು 1950ರ ದಶಕದಲ್ಲೇ ಇದನ್ನು ತೋರಿಸಿದ್ದರು ಅಂತ ಆಮೇಲೆ ಓದಿದೆ. ಒಂದು ಹಂತ ದಾಟಿದ ಮೇಲೆ ಎಷ್ಟೇ ಬಿತ್ತಿದರೂ ನೆಲ ಕೊಡುವುದು ಅಷ್ಟೇ, ಹಂಚಿಕೊಳ್ಳುವವರು ಮಾತ್ರ ಜಾಸ್ತಿ. 8ರ ಕುಂಡದ ಗಿಡಕ್ಕೆ ಅಂಗೈಯಗಲದ ಎಲೆ, ಗೊಂಚಲು ಹೂವು. 64ರಲ್ಲಿ ಬದುಕುಳಿದ ಒಂದಕ್ಕೆ ಇದ್ದದ್ದು ನಾಲ್ಕು ಎಲೆ, ತುದಿಯಲ್ಲಿ ಒಂದೇ ಒಂದು ಹಳದಿ ಹೂವು.

ಮುಂದಿನ ಸಲ 8 ಸಾಸಿವೆಯ ಬದಲು 4 ಸಾಸಿವೆ, 4 ಅಲಸಂದೆ ಹಾಕಿದೆ. ಇದೇ ನನಗೆ ತುಂಬಾ ಹಿಡಿಸಿದ ಭಾಗ. ಸಾರವಿಲ್ಲದ ಅದೇ ಮಣ್ಣಿನಲ್ಲಿ ಸಾಸಿವೆ ಈ ಸಲ ಹೆಚ್ಚು ದಪ್ಪ ಬಂತು. ಕಾರಣ ಅಲಸಂದೆಯ ಬೇರಿನಲ್ಲಿತ್ತು. ಅಲ್ಲಿನ ಗಂಟೊಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅದರಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ಹಾಗೆ ಮಾಡಿಕೊಡುತ್ತದೆ. ಹಾಗಾಗಿ ಮಣ್ಣಿನ ಸಾರಜನಕಕ್ಕೆ ಅಲಸಂದೆ ಅಷ್ಟಾಗಿ ಕೈಹಾಕುವುದಿಲ್ಲ, ಅದರಲ್ಲಿ ಹೆಚ್ಚಿನ ಪಾಲು ಸಾಸಿವೆಗೇ. ನೀವು ಮಾಡುವುದಾದರೆ ಅಲಸಂದೆ ಬೆಳೆದ ಜಾಗದ ಒಂದು ಹಿಡಿ ಮಣ್ಣು ಸೇರಿಸಿ, ಇಲ್ಲದಿದ್ದರೆ ಗಂಟೇ ಬರದೆ ಹೋಗಬಹುದು.

ರಷ್ಯಾದ ಜೀವವಿಜ್ಞಾನಿ ಗೌಸೆ 1930ರ ದಶಕದಲ್ಲಿ ಬರೆದದ್ದು ಆಗ ಅರ್ಥವಾಯಿತು. ಒಂದೇ ಆಹಾರ ಕೊಟ್ಟು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಎರಡು ಜಾತಿಗಳನ್ನು ಒಟ್ಟಿಗೆ ಸಾಕಿದಾಗ ಆರೀಲಿಯಾ ಉಳಿಯಿತು, ಕಾಡೇಟಂ ಅಳಿಯಿತು. ಅದೇ ಕಾಡೇಟಂ ಬರ್ಸೇರಿಯಾ ಎಂಬ ಮೂರನೇ ಜಾತಿಯ ಜೊತೆ ಬಾಳಿಕೊಂಡಿತು, ಏಕೆಂದರೆ ಒಂದು ಮೇಲಿನ ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ ತಿನ್ನುತ್ತಿತ್ತು, ಇನ್ನೊಂದು ತಳದ ಯೀಸ್ಟ್.

ನನ್ನ ಕುಂಡದಲ್ಲೂ ರಾಜಿ ಆಯಿತು ಅಂದುಕೊಂಡಿದ್ದೆ. ಐದನೇ ವಾರ ನೋಡಿದರೆ ಒಂದು ಅಲಸಂದೆ ಬಳ್ಳಿ ಸಾಸಿವೆಯ ಕಾಂಡಕ್ಕೇ ಸುತ್ತಿಕೊಂಡು ಮೇಲೆ ಹತ್ತಿ, ಅದರ ತಲೆಯ ಮೇಲೆ ಎಲೆ ಹರಡಿಕೊಂಡಿತ್ತು.