ಎಂಸಿಬಿ ಮೇಲಿನ 16, ರಾತ್ರಿಯಿಡೀ 16 ಅಲ್ಲ

ಮನೆಗೆ ಎಲೆಕ್ಟ್ರಿಕ್ ಕಾರು ಬಂತು. ಜೊತೆಗೆ ಕೊಟ್ಟ ಚಾರ್ಜರ್ 3.3 ಕಿಲೋವಾಟಿನದು. ಪಾರ್ಕಿಂಗಿನಲ್ಲಿ 16 ಆಂಪ್ಸ್ ಪ್ಲಗ್ ಇದೆ, ಸಿಕ್ಕಿಸಿದರೆ ಆಯ್ತು ಅಲ್ವಾ? ಸ್ವಲ್ಪ ತಡೆಯಿರಿ, ಮೊದಲು ಲೆಕ್ಕ ಹಾಕೋಣ.

ವಾಟ್‌ ಅನ್ನು ಮನೆಯ ವೋಲ್ಟೇಜ್ ಆದ 230ರಿಂದ ಭಾಗಿಸಿ, ಆಂಪ್ಸ್ ಸಿಗುತ್ತದೆ. 3300 ವಾಟ್ ಅಂದರೆ 14.3 ಆಂಪ್ಸ್. 2000 ವಾಟಿನ ಗೀಸರ್ ಎಳೆಯುವುದು 8.7 ಅಷ್ಟೇ.

ಆಮೇಲೆ ಹೊತ್ತು ನೋಡಿ. ನೀರು ಕಾದ ಮೇಲೆ ಗೀಸರ್ ತಾನೇ ನಿಲ್ಲುತ್ತದೆ. ಕಾರು ಹಾಗಲ್ಲ, ಏಳೆಂಟು ಗಂಟೆ ಬಿಡದೆ ಎಳೆಯುತ್ತದೆ. ಮೂರು ಗಂಟೆ ಅಥವಾ ಜಾಸ್ತಿ ಹೊತ್ತು ಓಡುವ ಲೋಡು ಬ್ರೇಕರಿನ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಬೋರ್ಡಿನ ಸ್ವಿಚ್, ನಮ್ಮ ಮನೆಗಳಲ್ಲಿ ಎಂಸಿಬಿ) ಮೇಲಿನ ಆಂಪ್ಸ್ ಅಂಕಿಯ 80% ದಾಟಬಾರದು ಎಂಬುದು ಅಮೆರಿಕದ ವೈರಿಂಗ್ ನಿಯಮ. ನಮ್ಮಲ್ಲೂ ಪಾಲಿಸುವುದು ಒಳ್ಳೆಯದೇ. ಪ್ಲಗ್ಗಿಗಿರುವುದು 16ರ ಎಂಸಿಬಿಯಾದರೆ, ಅದರ 80% ಅಂದರೆ 12.8. ಕಾರಿಗೆ ಸಾಲದು. 20ರ ಎಂಸಿಬಿಯಲ್ಲಿ 16 ಸಿಗುತ್ತದೆ, ಸಾಕು. ಚಾರ್ಜರಿನ ಪುಸ್ತಕದಲ್ಲಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಹಾಕಿಸಿ.

16 ದಾಟಿದರೆ ಟ್ರಿಪ್ ಆಗುತ್ತಲ್ಲ, ಭಯ ಏನು ಅನ್ನಬಹುದು. ತಕ್ಷಣ ಆಗುವುದಿಲ್ಲ! ಮನೆಗೆ ಹಾಕುವ ಎಂಸಿಬಿಯ ಮಾನದಂಡದ ಪ್ರಕಾರ, 1.13 ಪಟ್ಟು ಕರೆಂಟಿಗೆ, ಅಂದರೆ ಸುಮಾರು 18 ಆಂಪ್ಸ್‌ಗೆ, ಅದು ಒಂದು ಗಂಟೆ ಟ್ರಿಪ್ ಆಗಲೇಬಾರದು. 1.45 ಪಟ್ಟು, ಅಂದರೆ 23 ಆಂಪ್ಸ್ ಹರಿದರೂ ಒಂದು ಗಂಟೆಯೊಳಗೆ ಯಾವಾಗ ಬೇಕಾದರೂ ಬೀಳಬಹುದು. ಇದೆಲ್ಲ 30 ಡಿಗ್ರಿ ಬಿಸಿಯಲ್ಲಿ ಹಾಕಿದ ಲೆಕ್ಕ. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲು ಬಡಿಯುವ ಗೋಡೆಯ ಬೋರ್ಡಿನೊಳಗೆ ಅದೇ ಎಂಸಿಬಿ ಇನ್ನೂ ಕಡಿಮೆ ಕರೆಂಟಿಗೇ ಬಿದ್ದುಬಿಡುತ್ತದೆ.

ಹಾಗೆ ಬಿದ್ದಾಗಲೇ ಜನ ಎಡವುವುದು. ‘ಪದೇ ಪದೇ ಟ್ರಿಪ್ ಆಗ್ತಿದೆ’ ಅಂತ ಕರೆದರೆ, ಸುಮ್ನೆ 16 ಕಿತ್ತು 32 ಕೂರಿಸಿ ಹೋಗುವವರಿದ್ದಾರೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಒಳಗಿರುವುದು 1.5 ಚದರ ಮಿ.ಮೀ. ವೈರಾದರೆ, 25 ಆಂಪ್ಸ್ ಹರಿದು ಅದರ ಇನ್ಸುಲೇಶನ್ ಮೆತ್ತಗಾದರೂ 32ರ ಎಂಸಿಬಿ ಅಲ್ಲಾಡುವುದಿಲ್ಲ.

ಆದ್ದರಿಂದ ಕಾರಿಗೆ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಎಳೆಸಿ. 4 ಚದರ ಮಿ.ಮೀ. ತಾಮ್ರದ ವೈರು, 20ರ ಎಂಸಿಬಿ, ಸರಿಯಾದ ಅರ್ಥಿಂಗ್. ಆ ಲೈನಿನಲ್ಲಿ ಬೇರೆ ಪ್ಲಗ್ ಬೇಡ. ಶಾಕ್ ತಡೆಯಲು ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯೂ ಬೇಕು, ಆ ಕೆಲಸ ಎಂಸಿಬಿಗೆ ಬರುವುದಿಲ್ಲ. ಎಕ್ಸ್‌ಟೆನ್ಶನ್ ಬಾಕ್ಸ್ ಹತ್ತಿರವೂ ತರಬೇಡಿ. ಈ ಕೆಲಸವೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದು.

ಮೊದಲ ದಿನ ಒಂದು ಗಂಟೆ ಚಾರ್ಜ್ ಆದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ಬಂದಿದ್ದರೆ, ಒಳಗೆ ಎಲ್ಲೋ ಸ್ಕ್ರೂ ಸಡಿಲ ಇರಬಹುದು, ಇಲ್ಲವೇ ಸಾಕೆಟ್ಟೇ ಸರಿಯಿಲ್ಲದಿರಬಹುದು. ಅದು ಸರಿಯಾಗುವ ತನಕ ಚಾರ್ಜ್ ಬೇಡ.

ಕರೆಂಟ್ ಬಿಲ್ಲನ್ನೂ ಒಮ್ಮೆ ತೆಗೆದು ನೋಡಿ. ಮಂಜೂರಾದ ಲೋಡು 3 ಕಿಲೋವಾಟ್ ಎಂದಿದ್ದರೆ ಕಾರೊಂದೇ ಅದನ್ನು ಮೀರುತ್ತದೆ. ಲೋಡ್ ಜಾಸ್ತಿ ಮಾಡಿಸಲು ಅರ್ಜಿ ಕೊಡಿ.